ಪಿಯು ಟಾಪ್‌ಕೋಟ್: ಸವೆಯಲೆಂದೇ ಬಳಿಯುವ ಪದರ

ಪ್ರಶ್ನೆ: ಪೀಣ್ಯ ಎರಡನೇ ಹಂತದಲ್ಲಿ ನಮ್ಮದು ಯಂತ್ರದ ಬಿಡಿಭಾಗ ತಯಾರಿಸುವ ಸಣ್ಣ ಘಟಕ, ಒಟ್ಟು 6,000 ಚದರ ಅಡಿ. ಅರ್ಧದಲ್ಲಿ ಕಂಪ್ಯೂಟರ್ ನಿಯಂತ್ರಿತ ಸಿಎನ್‌ಸಿ ಯಂತ್ರಗಳು, ಉಳಿದರ್ಧದಲ್ಲಿ ಪ್ಯಾಕಿಂಗ್ ಮತ್ತು ದಾಸ್ತಾನು. ನಾಲ್ಕು ವರ್ಷದ ಹಿಂದೆ ಬೂದು ಬಣ್ಣದ ಎಪಾಕ್ಸಿ (ರಾಳದ ಲೇಪ) ನೆಲ ಹಾಕಿಸಿದ್ದೆವು. ಈಗ ಪಶ್ಚಿಮದ ಶಟರ್ ಪಕ್ಕ ಅದು ಹಳದಿಗಟ್ಟಿದೆ, ಪ್ಯಾಲೆಟ್ ಟ್ರಕ್ ಓಡಾಡುವ ದಾರಿ ಮಸುಕಾಗಿ ಗೀರುಬಿದ್ದಿದೆ, ಯಂತ್ರಗಳ ಬಳಿ ಎರಡು ಕಡೆ ಸಿಪ್ಪೆ ಎದ್ದಿದೆ. ಇದರ ಮೇಲೆ ಪಾಲಿಯುರೆಥೇನ್ (ಪಿಯು) ಟಾಪ್‌ಕೋಟ್, ಅಂದರೆ ಮೇಲ್ಪದರ, ಬಳಿದರೆ ಹತ್ತು ವರ್ಷ ತಿರುಗಿ ನೋಡಬೇಕಿಲ್ಲ ಎಂದು ಒಬ್ಬ ಗುತ್ತಿಗೆದಾರರು ಹೇಳುತ್ತಾರೆ. ಇನ್ನೊಬ್ಬರು ಪಾಲಿಆಸ್ಪಾರ್ಟಿಕ್ ಹಾಕಿ ಒಂದೇ ದಿನದಲ್ಲಿ ಮುಗಿಸಿಕೊಡುವುದಾಗಿ ಹೇಳುತ್ತಾರೆ. ಯಾರ ಮಾತು ಸರಿ? ಆಯುಧಪೂಜೆಯ ರಜೆಯಲ್ಲಿ ಈ ಕೆಲಸ ಮುಗಿಸಲು ಸಾಧ್ಯವೇ?

ಉತ್ತರ: ನೀವು ಹೇಳಿರುವ ಮೂರು ತೊಂದರೆಗಳಲ್ಲಿ ಎರಡಕ್ಕೆ ಪಿಯು ಟಾಪ್‌ಕೋಟ್ ನಿಜವಾದ ಪರಿಹಾರ, ಮೂರನೆಯದಕ್ಕೆ, ಅಂದರೆ ಸಿಪ್ಪೆ ಏಳುತ್ತಿರುವುದಕ್ಕೆ, ಅದು ಯಾವ ರೀತಿಯಲ್ಲೂ ಪರಿಹಾರವಲ್ಲ. ಹಳದಿ ಬಣ್ಣ ಮತ್ತು ಗೀರು ಮೇಲಿನ ತೊಂದರೆಗಳು, ಸಿಪ್ಪೆ ಬುಡದ ತೊಂದರೆ. ಬುಡವನ್ನು ಹಾಗೇ ಬಿಟ್ಟು ಮೇಲೆ ಬಳಿದರೆ ಮುಂದಿನ ಬಾರಿ ಎಪಾಕ್ಸಿಯ ಜೊತೆಗೆ ಪಿಯು ಕೂಡ ಸೇರಿ ಏಳುತ್ತದೆ, ಅಷ್ಟೇ ವ್ಯತ್ಯಾಸ.

ಆದ್ದರಿಂದ ಕೋಟೇಶನ್ ಹೋಲಿಸುವ ಮೊದಲು ಒಂದು ಕೆಲಸ ಮಾಡಿ. ಎದ್ದ ಜಾಗದಿಂದ ಒಂದು ರೂಪಾಯಿ ನಾಣ್ಯದಷ್ಟು ಅಗಲದ ಚೂರನ್ನು ಕಿತ್ತು, ತಿರುಗಿಸಿ, ಅದರ ಬೆನ್ನನ್ನು ಬೆಳಕಿಗೆ ಹಿಡಿದು ನೋಡಿ. ಬೆನ್ನಿಗೆ ಬಿಳಿಯ ಸಿಮೆಂಟಿನ ಪುಡಿ ಅಥವಾ ಮರಳಿನ ಕಣ ಅಂಟಿಕೊಂಡು ಬಂದಿದ್ದರೆ ಎಪಾಕ್ಸಿ ತನ್ನ ಕೆಲಸ ಮಾಡಿದೆ, ಕೈಕೊಟ್ಟಿರುವುದು ಕಾಂಕ್ರೀಟಿನ ಮೇಲ್ಮೈ. ಟ್ರಿಮಿಕ್ಸ್ (ಹಸಿ ಕಾಂಕ್ರೀಟಿನ ಹೆಚ್ಚುವರಿ ನೀರನ್ನು ಪಂಪಿನಿಂದ ಎಳೆದು ಮಾಡುವ) ನೆಲ ಹಾಕುವಾಗ ನೀರು ಹೆಚ್ಚಾಗಿ ಮೇಲೆ ಸಿಮೆಂಟಿನ ಹಾಲು ತೇಲಿದ ಕಡೆ, ಆ ಹಾಲನ್ನು ಗ್ರೈಂಡ್ ಮಾಡದೆ ಬಿಟ್ಟಾಗ ಹೀಗಾಗುತ್ತದೆ. ಬೆನ್ನು ಗಾಜಿನಂತೆ ನುಣುಪಾಗಿ, ಸ್ವಚ್ಛವಾಗಿ ಇದ್ದರೆ ಲೇಪ ಎಂದೂ ಕಚ್ಚಿಕೊಂಡಿರಲೇ ಇಲ್ಲವೆಂದು ಅರ್ಥ: ಒಂದೋ ಕೆಳಗೆ ತೇವವಿತ್ತು, ಇಲ್ಲವೇ ಎಣ್ಣೆಯಿತ್ತು. ಬೆರಳಿಗೆ ಜಿಡ್ಡು ಹತ್ತಿದರೆ, ಅಥವಾ ಅಲ್ಲಿ ಬಯಲಾದ ಕಾಂಕ್ರೀಟ್ ಕಪ್ಪಗಿದ್ದರೆ, ಅಪರಾಧಿ ಲೋಹ ಕೊರೆಯುವಾಗ ಸುರಿಯುವ ಕಟಿಂಗ್ ಆಯಿಲ್. ಸಿಎನ್‌ಸಿ ಯಂತ್ರಗಳ ಬಳಿ ಎಂದು ನೀವು ಬರೆದಿರುವುದರಿಂದ ನನ್ನ ಊಹೆ ಈ ಕೊನೆಯದರ ಕಡೆಗೇ ಇದೆ.

ಈಗ ಟಾಪ್‌ಕೋಟ್‌ನ ವಿಷಯ. ಎಪಾಕ್ಸಿ ಕಾಂಕ್ರೀಟನ್ನು ಚೆನ್ನಾಗಿ ಕಚ್ಚುತ್ತದೆ, ದಪ್ಪವಾಗಿ ಹರಿಯುತ್ತದೆ, ಗಟ್ಟಿಯಾಗುತ್ತದೆ. ಆದರೆ ಬಿಸಿಲು ಅದಕ್ಕೆ ಆಗುವುದಿಲ್ಲ. ಸಾಮಾನ್ಯವಾಗಿ ನೆಲಕ್ಕೆ ಬಳಸುವ ಎಪಾಕ್ಸಿ ಬಿಸ್‌ಫಿನಾಲ್-ಎ ಆಧಾರಿತ. ಅದರ ಅಣುವಿನಲ್ಲಿರುವ ಬೆಂಜೀನ್ ಉಂಗುರಗಳು ಅತಿನೇರಳೆ ಕಿರಣವನ್ನು ಹೀರಿಕೊಳ್ಳುವುದರಿಂದ ಅಣುವಿನ ಬಂಧಗಳು ಒಡೆಯುತ್ತವೆ, ಮೊದಲು ಹಳದಿಯಾಗುತ್ತದೆ, ಆಮೇಲೆ ಮೇಲ್ಮೈ ಸುಣ್ಣದಂತೆ ಪುಡಿಯಾಗುತ್ತದೆ. ನಿಮ್ಮ ಪಶ್ಚಿಮದ ಶಟರ್ ಬಳಿ ಸಂಜೆ ಬಿಸಿಲು ಎಷ್ಟು ದೂರ ಒಳಬರುತ್ತದೋ ಸರಿಯಾಗಿ ಅಲ್ಲಿಯವರೆಗೇ ಹಳದಿ ಹರಡಿರುವುದನ್ನು ನೀವು ಗಮನಿಸಿರಬಹುದು. ಪಾಲಿಯುರೆಥೇನ್‌ನಲ್ಲಿ ಎರಡು ಕುಲಗಳಿವೆ. ಎಂಡಿಐ, ಟಿಡಿಐ ಎಂಬ ಆರೋಮ್ಯಾಟಿಕ್ ಐಸೊಸೈನೇಟ್‌ಗಳಿಂದ ಆದದ್ದರಲ್ಲಿಯೂ ಅದೇ ಉಂಗುರಗಳಿರುವುದರಿಂದ ಅದೂ ಹಳದಿಗಟ್ಟುತ್ತದೆ. ಬೆಂಜೀನ್ ಉಂಗುರಗಳಿಲ್ಲದ ಎಚ್‌ಡಿಐ, ಐಪಿಡಿಐ ಮುಂತಾದ ಆಲಿಫ್ಯಾಟಿಕ್‌ಗಳಿಂದ ಆದದ್ದು ಬಿಸಿಲಿಗೆ ಬಣ್ಣಗೆಡುವುದಿಲ್ಲ. ಕೋಟೇಶನ್‌ನಲ್ಲಿ ಬರೀ "ಪಿಯು ಕೋಟಿಂಗ್" ಎಂದಿದ್ದರೆ ಸಾಲದು, "ಆಲಿಫ್ಯಾಟಿಕ್, ಎರಡು ಘಟಕದ ಪಾಲಿಯುರೆಥೇನ್" ಎಂದು ಬರೆಸಿಕೊಳ್ಳಿ; ಎರಡು ಘಟಕ ಎಂದರೆ ಬಳಿಯುವ ಮುನ್ನ ಕಲಸುವ ಎರಡು ಡಬ್ಬ, ಒಂದರಲ್ಲಿ ರಾಳ, ಇನ್ನೊಂದರಲ್ಲಿ ಐಸೊಸೈನೇಟ್ ಇರುವ ಹಾರ್ಡ್‌ನರ್. ಜರ್ಮನಿಯ ಲೆವರ್‌ಕುಸೆನ್‌ನಲ್ಲಿ ಒಟ್ಟೊ ಬೇಯರ್ ಮತ್ತು ಸಂಗಡಿಗರು 1937ರಲ್ಲಿ ಈ ರಸಾಯನವನ್ನು ಕಂಡುಹಿಡಿದಾಗಿನಿಂದ ಹಾಸಿಗೆಯ ಫೋಮ್‌ನಿಂದ ಶೂ ಅಟ್ಟೆಯವರೆಗೆ ಎಲ್ಲಕ್ಕೂ "ಪಿಯು" ಎಂಬ ಒಂದೇ ಹೆಸರು ಅಂಟಿಕೊಂಡಿದೆ; ಹೆಸರು ಕೇಳಿ ನೆಲದ ಗುಣ ಅಳೆಯಲಾಗದು.

ಇಲ್ಲೊಂದು ಸೂಕ್ಷ್ಮವಿದೆ, ಇದನ್ನು ಗುತ್ತಿಗೆದಾರರು ಸಾಮಾನ್ಯವಾಗಿ ಹೇಳುವುದಿಲ್ಲ. ಪಾರದರ್ಶಕ ಪಿಯು ಬಳಿದರೆ ಪಿಯು ತಾನು ಹಳದಿಯಾಗದಿದ್ದರೂ ಬಿಸಿಲು ಅದರ ಮೂಲಕ ಇಳಿದು ಕೆಳಗಿನ ಎಪಾಕ್ಸಿಯನ್ನು ಹಳದಿ ಮಾಡುವುದನ್ನು ಮುಂದುವರಿಸುತ್ತದೆ. ಅತಿನೇರಳೆ ತಡೆಯುವ ಅಂಶ ಸೇರಿಸಿದ್ದರೆ ನಿಧಾನವಾಗುತ್ತದೆ, ನಿಲ್ಲುವುದಿಲ್ಲ. ಶಟರ್ ಪಕ್ಕಕ್ಕೆ ಬಣ್ಣ ಸೇರಿಸಿದ ಟಾಪ್‌ಕೋಟ್‌ನ್ನೇ ಆರಿಸಿ.

ಇನ್ನು ಸವೆತ. ನೀವು ಈಗ ನಡೆದಾಡುತ್ತಿರುವ ಎಪಾಕ್ಸಿ ಒಂದರಿಂದ ಮೂರು ಮಿಲಿಮೀಟರ್ ದಪ್ಪವಿರಬಹುದು. ಅದರ ಮೇಲೆ ಬರುವ ಪಿಯು ಒಣಗಿದ ಮೇಲೆ ಒಂದು ಕೈಗೆ 50ರಿಂದ 75 ಮೈಕ್ರಾನ್, ಅಂದರೆ ಹೆಚ್ಚುಕಡಿಮೆ ಒಂದು ಕೂದಲೆಳೆಯ ದಪ್ಪ. ಈ ತೆಳು ಪದರ ಎಪಾಕ್ಸಿಗಿಂತ ಹೆಚ್ಚು ಜಿಗುಟು, ಗೀರನ್ನು ಚೆನ್ನಾಗಿ ತಡೆಯುತ್ತದೆ, ಆದರೂ ಅದು ಸವೆಯುತ್ತದೆ. ಸವೆಯಲೆಂದೇ ಅದನ್ನು ಬಳಿಯುವುದು. ಎಪಾಕ್ಸಿಯ ಬದಲಿಗೆ ತಾನು ತಿನ್ನಿಸಿಕೊಳ್ಳುವ ಪದರ ಅದು. ನಮ್ಮ ಹಳೆಯ ಮನೆಗಳ ಕೆಂಪು ಗಾರೆಯ ನೆಲಕ್ಕೆ ಆಗಾಗ ಮೇಣ ಹಚ್ಚಿ ಉಜ್ಜುತ್ತಿದ್ದಾಗ ಸವೆಯುತ್ತಿದ್ದದ್ದು ಮೇಣವೇ ಹೊರತು ಗಾರೆಯಲ್ಲ. ಆದ್ದರಿಂದ ಹತ್ತು ವರ್ಷ ತಿರುಗಿ ನೋಡಬೇಕಿಲ್ಲ ಎಂಬ ಮಾತನ್ನು ನಾನು ಒಪ್ಪುವುದಿಲ್ಲ. ಗೋಡೆ ಬದಿಯಲ್ಲಿ, ರ‍್ಯಾಕ್‌ಗಳ ಕೆಳಗೆ ಅದು ಹತ್ತು ವರ್ಷ ಇದ್ದೀತು. ಪ್ಯಾಲೆಟ್ ಟ್ರಕ್ ತಿರುಗುವ ಮೂಲೆಯಲ್ಲಿ ನನ್ನ ಅನುಭವದಂತೆ ಮೂರನೇ ವರ್ಷಕ್ಕೇ ಇನ್ನೊಂದು ಕೈ ಬೇಕಾಗುತ್ತದೆ. ಪಿಯು ಪೂರ್ತಿ ಸವೆದು ಎಪಾಕ್ಸಿ ಹೊರಬೀಳುವ ಮೊದಲೇ ಆ ದಾರಿಯನ್ನಷ್ಟೇ ಉಜ್ಜಿ ಮತ್ತೆ ಬಳಿದರೆ ಖರ್ಚು ಸಣ್ಣದು. ಎಪಾಕ್ಸಿಯೂ ಸವೆದು ಕಾಂಕ್ರೀಟ್ ಕಂಡ ಮೇಲೆ ಎಲ್ಲವನ್ನೂ ಬುಡದಿಂದ ಮಾಡಬೇಕಾಗುತ್ತದೆ.

ಯಾವಾಗ ಸವೆಯಿತೆಂದು ತಿಳಿಯುವುದು ಹೇಗೆ? ಟಾಪ್‌ಕೋಟ್‌ನ ಬಣ್ಣವನ್ನು ಕೆಳಗಿನ ಎಪಾಕ್ಸಿಗಿಂತ ಒಂದು ಛಾಯೆ ತಿಳಿಯಾಗಿ ಆರಿಸಿ. ಗಾಢ ಬೂದು ಇಣುಕಲು ಶುರುವಾದ ದಿನವೇ ನಿಮಗೆ ಸೂಚನೆ ಸಿಕ್ಕಂತೆ. ಜೊತೆಗೆ ಪ್ಯಾಲೆಟ್ ಟ್ರಕ್‌ನ ಚಕ್ರಗಳನ್ನು ಬಗ್ಗಿ ನೋಡಿ. ಅವು ನೈಲಾನ್ ಆಗಿದ್ದರೆ, ಅದರಲ್ಲೂ ಲೋಹದ ಚೂರು ಚುಚ್ಚಿಕೊಂಡಿದ್ದರೆ, ಜಗತ್ತಿನ ಯಾವ ಲೇಪವೂ ಉಳಿಯದು. ಅವನ್ನು ಪಾಲಿಯುರೆಥೇನ್ ಚಕ್ರಗಳಿಗೆ ಬದಲಿಸುವ ಖರ್ಚು ನೆಲದ ಖರ್ಚಿನ ಮುಂದೆ ಏನೂ ಅಲ್ಲ. ಟರ್ನಿಂಗ್ ಚಿಪ್ಸ್ (ಲೋಹದ ಚೂರು) ಗುಡಿಸುವ ಪೊರಕೆಯೇ ಅನೇಕ ಕಡೆ ಪಿಯು ಟಾಪ್‌ಕೋಟ್‌ಗಿಂತ ಹೆಚ್ಚು ವರ್ಷ ಉಳಿಸಿಕೊಟ್ಟಿದೆ ಎಂದರೆ ನಗಬೇಡಿ.

ಉತ್ಪನ್ನದ ಹಾಳೆಯಲ್ಲಿ ಸವೆತದ ಅಂಕಿ ಕೊಟ್ಟಿದ್ದರೆ ಅದು ಹೆಚ್ಚಾಗಿ ಟೇಬರ್ ಪರೀಕ್ಷೆಯದು (ಉಜ್ಜುವ ಚಕ್ರಗಳ ಕೆಳಗೆ ಲೇಪದ ತುಣುಕನ್ನು ತಿರುಗಿಸಿ ಸವೆತ ತೂಗುವುದು), ಅಮೆರಿಕದ ಎಎಸ್‌ಟಿಎಂ ಮಾನದಂಡ ಡಿ4060. ಎಷ್ಟು ಮಿಲಿಗ್ರಾಂ ಸವೆಯಿತು ಎಂಬುದಷ್ಟೇ ಅಲ್ಲದೆ ಯಾವ ಚಕ್ರ, ಎಷ್ಟು ಭಾರ, ಎಷ್ಟು ಸುತ್ತು ಎಂದೂ ಕೇಳಿ. ಒಂದರಲ್ಲಿ ಸಿಎಸ್-17 ಚಕ್ರ, 1,000 ಗ್ರಾಂ, 1,000 ಸುತ್ತು ಎಂದಿದ್ದು, ಇನ್ನೊಂದರಲ್ಲಿ ಸಿಎಸ್-10 ಚಕ್ರ, 500 ಸುತ್ತು ಎಂದಿದ್ದರೆ ಆ ಎರಡು ಅಂಕಿಗಳನ್ನು ಅಕ್ಕಪಕ್ಕ ಇಡುವುದರಲ್ಲಿ ಅರ್ಥವಿಲ್ಲ.

ದಪ್ಪದ ಲೆಕ್ಕವನ್ನು ನೀವೇ ಮಾಡಿಟ್ಟುಕೊಳ್ಳಿ, ಏಕೆಂದರೆ ಮೋಸವಾಗುವುದು ಬಹುಪಾಲು ಇಲ್ಲೇ. ಟಾಪ್‌ಕೋಟ್‌ನ ಘನಾಂಶ, ಅಂದರೆ ಆರಿದ ಮೇಲೆ ಉಳಿಯುವ ಭಾಗ, ಗಾತ್ರದ ಲೆಕ್ಕದಲ್ಲಿ 60 ಶೇಕಡಾ ಇದೆ ಎಂದಿಟ್ಟುಕೊಳ್ಳೋಣ. ತೂಕದ ಲೆಕ್ಕದ ಅಂಕಿ ದೊಡ್ಡದಾಗಿ ಕಾಣುತ್ತದೆ, ಅದು ಈ ಲೆಕ್ಕಕ್ಕೆ ಬರುವುದಿಲ್ಲ. ಒಣಗಿದ ಮೇಲೆ 60 ಮೈಕ್ರಾನ್ ಉಳಿಯಬೇಕಾದರೆ ಹಸಿಯಾಗಿ 100 ಮೈಕ್ರಾನ್ ಬಳಿಯಬೇಕು. 100 ಮೈಕ್ರಾನ್ ಎಂದರೆ ಒಂದು ಲೀಟರ್‌ಗೆ 10 ಚದರ ಮೀಟರ್. ನಿಮ್ಮ 6,000 ಚದರ ಅಡಿ ಸುಮಾರು 557 ಚದರ ಮೀಟರ್, ಹಾಗಾಗಿ ಒಂದು ಕೈಗೆ ಸುಮಾರು 56 ಲೀಟರ್. ರೋಲರ್, ಬಕೆಟ್ಟು ಕುಡಿಯುವುದನ್ನು ಸೇರಿಸಿ 64 ಲೀಟರ್ ಎಂದುಕೊಳ್ಳಿ. ಎರಡು ಕೈಗೆ 128. ಕೆಲಸ ಮುಗಿದ ಸಂಜೆ ಖಾಲಿ ಡಬ್ಬಗಳನ್ನು ಎಣಿಸಿ. 80 ಲೀಟರ್‌ನ ಡಬ್ಬಗಳಷ್ಟೇ ಸಿಕ್ಕರೆ ಉಳಿದದ್ದು ಥಿನ್ನರ್ ಆಗಿ ಆರಿಹೋಗಿದೆ ಎಂದು ತಿಳಿಯಿರಿ. ಡಬ್ಬ ಎಣಿಸುವ ಮಾಲೀಕರನ್ನು ಯಾವ ಗುತ್ತಿಗೆದಾರರೂ ಇಷ್ಟಪಡುವುದಿಲ್ಲ, ಆದರೆ ಒಳ್ಳೆಯ ಗುತ್ತಿಗೆದಾರರು ಬೇಸರಪಡುವುದೂ ಇಲ್ಲ.

ಮೂರು ಬಗೆಗಳಲ್ಲಿ ಯಾವುದು ಎಂಬುದಕ್ಕೆ ಬರುತ್ತೇನೆ. ದ್ರಾವಕ ಆಧಾರಿತ ಎರಡು ಘಟಕದ ಪಿಯು ಎಲ್ಲರ ಕೈಗೂ ಒಗ್ಗಿದ್ದು, ಗಟ್ಟಿ, ದರವೂ ಹದವಾದದ್ದು. ಆದರೆ ಕ್ಸೈಲೀನ್, ಬ್ಯುಟೈಲ್ ಅಸಿಟೇಟ್‌ನಂಥ ದ್ರಾವಕಗಳ ಆವಿ ಶೆಡ್ ತುಂಬುವುದರಿಂದ ಬಳಿದು ಆರುವವರೆಗೆ ಒಂದು ವೆಲ್ಡಿಂಗ್ ಕಿಡಿಯೂ, ಕರ್ಪೂರವೂ ಹತ್ತಿರ ಇರಕೂಡದು. ನೀರು ಆಧಾರಿತ ಎರಡು ಘಟಕದ ಪಿಯುಗೆ ವಾಸನೆ ಕಡಿಮೆ, ಪಕ್ಕದ ಶೆಡ್‌ನವರು ದೂರುವುದಿಲ್ಲ. ಆದರೆ ಅದರಲ್ಲಿರುವ ನೀರು ಗಾಳಿಗೆ ಹೋಗಬೇಕು, ಮಳೆಗಾಲದಲ್ಲಿ ಗಾಳಿಯೇ ನೀರು ತುಂಬಿಕೊಂಡು ಕೂತಿರುವಾಗ ಅದು ಸುಲಭವಲ್ಲ. ಪಾಲಿಆಸ್ಪಾರ್ಟಿಕ್ ಕೂಡ ಆಲಿಫ್ಯಾಟಿಕ್ ಕುಲದ ಸೋದರನೇ, ಬಿಸಿಲಿಗೆ ಹೆದರದು, ಬೆಳಿಗ್ಗೆ ಬಳಿದರೆ ಸಂಜೆಗೆ ನಡೆದಾಡಬಹುದು. ಎರಡನೇ ಗುತ್ತಿಗೆದಾರರ ಮಾತು ಆ ಮಟ್ಟಿಗೆ ನಿಜ. ಒಂದೇ ದಿನದಲ್ಲಿ ಆಗುವುದು ಬಳಿಯುವ ಕೆಲಸ. ಎಣ್ಣೆ ತೆಗೆಯುವುದು, ಉಜ್ಜುವುದು, ತೇಪೆ ಹಾಕುವುದು ಯಾವ ರಸಾಯನದಿಂದಲೂ ಬೇಗವಾಗುವುದಿಲ್ಲ. ಅಲ್ಲದೆ ಕಲಸಿದ ಇಪ್ಪತ್ತು ಮೂವತ್ತು ನಿಮಿಷದಲ್ಲಿ ಅದು ಬಕೆಟ್ಟಿನಲ್ಲೇ ದಪ್ಪವಾಗುತ್ತದೆ, ಗಾಳಿಯ ತೇವ ಹೆಚ್ಚಿದ್ದರೆ ನೆಲದ ಮೇಲೂ ಬೇಗ ಬಿಗಿಯುತ್ತದೆ. ಪಳಗಿದ ನಾಲ್ಕೈದು ಜನರ ತಂಡವಿಲ್ಲದೆ ಹೋದರೆ ಪಟ್ಟೆಪಟ್ಟೆಯಾಗಿ ರೋಲರ್ ಗುರುತು ಉಳಿದು, ಅದನ್ನು ನೀವು ದಿನವೂ ನೋಡಬೇಕಾಗುತ್ತದೆ. ನಿಮ್ಮ ಶೆಡ್‌ಗೆ ನಾನು ಆರಿಸುವುದು ದ್ರಾವಕ ಆಧಾರಿತ, ಬಣ್ಣದ, ಸ್ಯಾಟಿನ್ ಹೊಳಪಿನ ಪಿಯುವನ್ನು. ಕನ್ನಡಿಯಂಥ ಹೊಳಪು ಫೋಟೋದಲ್ಲಿ ಚೆಂದ, ಆದರೆ ಮೊದಲ ತಿಂಗಳಲ್ಲೇ ಪ್ರತಿ ಗೀರನ್ನೂ ತೋರಿಸಿಕೊಡುತ್ತದೆ. ಯಂತ್ರಗಳ ನಡುವಿನ ದಾರಿಯಲ್ಲಿ ಕೂಲಂಟ್ (ಯಂತ್ರ ತಣಿಸುವ ದ್ರವ) ಚೆಲ್ಲುವುದರಿಂದ ಅಲ್ಲಿ ಮಾತ್ರ ಸಣ್ಣ ಅಲ್ಯೂಮಿನಿಯಂ ಆಕ್ಸೈಡ್ ಹರಳು ಸೇರಿಸಿ ಬಳಿಸಿ, ಕಾಲು ಜಾರುವುದಿಲ್ಲ.

ಹಳೆಯ ಎಪಾಕ್ಸಿಯ ಮೇಲೆ ಬಳಿಯುವ ಮುನ್ನ ಅದು ಉಳಿದ ಕಡೆ ಗಟ್ಟಿಯಾಗಿದೆಯೇ ನೋಡಬೇಕು. ಬ್ಲೇಡಿನಿಂದ ಗುಣಾಕಾರದ ಗುರುತಿನಂತೆ ಕಾಂಕ್ರೀಟ್ ತಾಗುವವರೆಗೆ ಕೊಯ್ದು, ಗಟ್ಟಿ ಟೇಪ್ ಒತ್ತಿ, ರಪ್ಪನೆ ಕೀಳಿ. ಲೇಪ ಟೇಪಿನ ಜೊತೆ ಬಂದರೆ ಆ ಭಾಗವನ್ನು ಗ್ರೈಂಡ್ ಮಾಡಿ ತೆಗೆಯದೆ ಗತಿಯಿಲ್ಲ. ಗಟ್ಟಿಯಿರುವ ಕಡೆ ಮೊದಲು ಕ್ಷಾರೀಯ ಡಿಗ್ರೀಸರ್‌ನಿಂದ ತೊಳೆದು, ನೀರನ್ನು ವ್ಯಾಕ್ಯೂಮ್‌ನಿಂದ ಎಳೆದು, ಒಣಗಿದ ಮೇಲೆ 80ರಿಂದ 120 ಗ್ರಿಟ್‌ನಲ್ಲಿ ಉಜ್ಜಬೇಕು. ಈ ಕ್ರಮವನ್ನು ತಿರುಗುಮುರುಗು ಮಾಡಬಾರದು. ಮೊದಲು ಉಜ್ಜಿದರೆ ಎಣ್ಣೆಯನ್ನು ಗೀರುಗಳ ಒಳಗೆ ತೀಡಿದಂತಾಗುತ್ತದೆ. ಹೊಳಪು ಪೂರ್ತಿ ಸಾಯಬೇಕು, ಹೊಳೆಯುವ ಒಂದು ಚುಕ್ಕೆ ಉಳಿದರೂ ನಾಳೆ ಅಲ್ಲಿಂದಲೇ ಪಿಯು ಏಳುತ್ತದೆ. ಆಮೇಲೆ ಅಂಗೈಯಷ್ಟು ನೀರು ಚಿಮುಕಿಸಿ ನೋಡಿ: ಹಾಳೆಯಂತೆ ಹರಡಿದರೆ ಸರಿ, ಕೆಸುವಿನೆಲೆಯ ಮೇಲಿನ ಹನಿಯಂತೆ ಉರುಳಿದರೆ ಎಣ್ಣೆ ಇನ್ನೂ ಇದೆ. ಯಂತ್ರದ ಬಳಿ ಎಣ್ಣೆ ಕುಡಿದ ಕಾಂಕ್ರೀಟನ್ನು ಕಪ್ಪು ಹೋಗುವವರೆಗೆ ಕೆತ್ತಿ, ಎಪಾಕ್ಸಿ ಪ್ರೈಮರ್ ಕೊಟ್ಟು, ಎಪಾಕ್ಸಿ ಗಾರೆ ತುಂಬಿಸಿ, ಎಪಾಕ್ಸಿಯ ಕೈ ಬಳಿಸಿಯೇ ಪಿಯುಗೆ ಹೋಗಬೇಕು. ನೇರವಾಗಿ ಕಾಂಕ್ರೀಟ್ ಮೇಲೆ ಈ ಟಾಪ್‌ಕೋಟ್ ಬಳಿಯಲು ಬಿಡಬೇಡಿ.

ಬಯಲಾದ ಕಾಂಕ್ರೀಟ್‌ನಲ್ಲಿ ಕೆಳಗಿನಿಂದ ತೇವ ಏರುತ್ತಿದೆಯೇ ಎಂದು ತಿಳಿಯಲು ಒಂದೂವರೆ ಅಡಿ ಚೌಕದ ಪಾರದರ್ಶಕ ಪ್ಲಾಸ್ಟಿಕ್ ಹಾಳೆಯ ನಾಲ್ಕೂ ಅಂಚುಗಳನ್ನು ಟೇಪಿನಿಂದ ಅಂಟಿಸಿ ಕನಿಷ್ಠ 16 ಗಂಟೆ ಬಿಡುವ ಪರೀಕ್ಷೆ ಇದೆ. ಬೆಳಿಗ್ಗೆ ಹಾಳೆಯ ಒಳಬದಿಯಲ್ಲಿ ಹನಿ ಕಂಡರೆ, ಅಥವಾ ಕೆಳಗಿನ ಕಾಂಕ್ರೀಟ್ ಗಾಢವಾಗಿದ್ದರೆ, ಕೆಲಸ ಮುಂದಕ್ಕೆ ಹಾಕಿ. ಇದು ಒರಟು ಪರೀಕ್ಷೆ, ಹನಿ ಕಾಣದಿದ್ದರೆ ಎಲ್ಲ ಸರಿಯೆಂದು ಖಚಿತವಾಗುವುದಿಲ್ಲ. ಗುತ್ತಿಗೆದಾರರ ಬಳಿ ತೇವ ಅಳೆಯುವ ಮೀಟರ್ ಇರಲೇಬೇಕು, ಓದು 4 ಶೇಕಡಾ ಮೀರಬಾರದೆಂಬುದು ಸಾಮಾನ್ಯ ಮಿತಿ.

ಆಯುಧಪೂಜೆಯ ರಜೆಯ ಬಗ್ಗೆ ನನ್ನ ಆತಂಕವೂ ತೇವದ್ದೇ. ಬೆಂಗಳೂರಿನಲ್ಲಿ ಸೆಪ್ಟೆಂಬರ್, ಅಕ್ಟೋಬರ್ ಎರಡೂ ಭರ್ತಿ ಮಳೆಯ ತಿಂಗಳು. ಐಸೊಸೈನೇಟ್ ಸ್ವಭಾವತಃ ಪಾಲಿಯಾಲ್ ಜೊತೆ ಕೂಡಬೇಕಾದದ್ದು, ಆದರೆ ನೀರು ಕಂಡರೆ ಅದನ್ನೂ ಬಿಡುವುದಿಲ್ಲ. ನೀರಿನೊಂದಿಗೆ ಕೂಡಿದಾಗ ಇಂಗಾಲದ ಡೈಆಕ್ಸೈಡ್ ಹುಟ್ಟಿ ಪದರದೊಳಗೆ ಗುಳ್ಳೆಯಾಗುತ್ತದೆ. ಬಹಳ ವರ್ಷದ ಹಿಂದೆ ಬೊಮ್ಮಸಂದ್ರದ ಒಂದು ಗೋದಾಮಿನಲ್ಲಿ, ಮಾಲೀಕರ ಅವಸರಕ್ಕೆ ಮಣಿದು, ಸಂಜೆ ಮಳೆ ನಿಂತ ಕೂಡಲೇ ಬಳಿಯಲು ನಾನೇ ಒಪ್ಪಿಗೆ ಕೊಟ್ಟಿದ್ದೆ. ರಾತ್ರಿ ಹತ್ತಕ್ಕೆ ಗಾಜಿನಂತಿದ್ದ ನೆಲ ಬೆಳಿಗ್ಗೆ ಆರಕ್ಕೆ ಸಾಸಿವೆ ಎರಚಿದಂತೆ ಗುಳ್ಳೆಗಳಿಂದ ತುಂಬಿತ್ತು. ಉಗುರಿನಿಂದ ಒತ್ತಿದರೆ ಚಟ್ ಎಂದು ಒಡೆಯುತ್ತಿದ್ದವು. ಇಡೀ ನೆಲವನ್ನು ಉಜ್ಜಿ ಮತ್ತೆ ಬಳಿಯಬೇಕಾಯಿತು, ನಮ್ಮ ಖರ್ಚಿನಲ್ಲಿ. ಆ ಮೇಲೆ ಇಬ್ಬನಿ ಬಿಂದು, ಅಂದರೆ ಗಾಳಿಯ ತೇವ ಹನಿಯಾಗತೊಡಗುವ ತಾಪಮಾನ, ನೋಡದೆ ನಾನು ಡಬ್ಬ ತೆರೆಸಿಲ್ಲ.

ನಿಯಮ ಸರಳ: ಗಾಳಿಯ ತೇವಾಂಶ 85 ಶೇಕಡಾ ಮೀರಿರಬಾರದು, ನೆಲದ ತಾಪಮಾನ ಇಬ್ಬನಿ ಬಿಂದುವಿಗಿಂತ ಕನಿಷ್ಠ 3 ಡಿಗ್ರಿ ಸೆಲ್ಸಿಯಸ್ ಮೇಲಿರಬೇಕು. ಅಕ್ಟೋಬರ್‌ನ ಮಳೆಯ ಮುಂಜಾನೆ ಗಾಳಿ 24 ಡಿಗ್ರಿ, ತೇವಾಂಶ 85 ಇದ್ದರೆ ಇಬ್ಬನಿ ಬಿಂದು 21 ದಾಟಿರುತ್ತದೆ. ರಾತ್ರಿಯಿಡೀ ತಣಿದ ನೆಲ 22 ಡಿಗ್ರಿ ಇದ್ದರೆ ಅಂತರ ಒಂದು ಡಿಗ್ರಿಯೂ ಇಲ್ಲ, ಕಣ್ಣಿಗೆ ಒಣಗಿದಂತೆ ಕಂಡರೂ ಬಳಿಯಬಾರದು. ಅದೇ ಫೆಬ್ರುವರಿಯ ಮಧ್ಯಾಹ್ನ ಗಾಳಿ 28, ತೇವಾಂಶ 55 ಇದ್ದರೆ ಇಬ್ಬನಿ ಬಿಂದು 18ರ ಸುತ್ತ ಇರುತ್ತದೆ. ನೆಲ 25 ಇದ್ದರೂ ನಿಶ್ಚಿಂತೆ. ಹಾರ್ಡ್‌ನರ್ ಡಬ್ಬದ ಮೇಲೂ ಕಣ್ಣಿರಲಿ. ಮುಚ್ಚಳ ಉಬ್ಬಿದ ಡಬ್ಬ, ಒಳಗೆ ಕೆನೆಗಟ್ಟಿದ ಡಬ್ಬ, ನಿನ್ನೆ ಅರ್ಧ ಬಳಸಿ ಇಂದು ತಂದ ಡಬ್ಬ, ಇವು ಮೂರೂ ಈಗಾಗಲೇ ತೇವ ಕುಡಿದಿರುವ ಸಾಧ್ಯತೆ ಇರುವುದರಿಂದ ವಾಪಸ್ ಕಳಿಸಿ. ಹೊಸ ಎಪಾಕ್ಸಿ ತೇಪೆಯ ಮೇಲೆ ತಣ್ಣನೆಯ ತೇವದ ರಾತ್ರಿ ಕಳೆದರೆ ಜಿಡ್ಡಿನಂಥ ಮಬ್ಬು ಪೊರೆ ಬರುತ್ತದೆ; ಬಿಸಿನೀರಿನ ಬಟ್ಟೆಯಲ್ಲಿ ಒರೆಸಿ, ಒಣಗಿಸಿ, ಉಜ್ಜದೆ ಅದರ ಮೇಲೆ ಪಿಯು ನಿಲ್ಲುವುದಿಲ್ಲ.

ಕೆಲಸಗಾರರ ಬಗ್ಗೆ ಒಂದು ಮಾತು, ಏಕೆಂದರೆ ಶೆಡ್ ನಿಮ್ಮದು. ಐಸೊಸೈನೇಟ್ ಎಂದ ಕೂಡಲೇ 1984ರ ಭೋಪಾಲ ನೆನಪಾಗುವುದು ಸಹಜ. ಅಲ್ಲಿ ಸೋರಿದ್ದು ಮೀಥೈಲ್ ಐಸೊಸೈನೇಟ್, ಬೇಗ ಆವಿಯಾಗುವ ಬೇರೆ ವಸ್ತು. ಟಾಪ್‌ಕೋಟ್‌ನ ಹಾರ್ಡ್‌ನರ್‌ನಲ್ಲಿರುವುದು ದೊಡ್ಡ ಅಣುಗಳು, ಅಷ್ಟು ಸುಲಭವಾಗಿ ಗಾಳಿಗೆ ಏರುವುದಿಲ್ಲ. ಹಾಗೆಂದು ನಿರುಪದ್ರವಿಯಲ್ಲ. ಉಸಿರಿನಲ್ಲಿ ಅಥವಾ ಚರ್ಮದ ಮೂಲಕ ಸೇರಿ ಒಮ್ಮೆ ಅಲರ್ಜಿ ಹುಟ್ಟಿಸಿದರೆ ಆಮೇಲೆ ಅತಿ ಸಣ್ಣ ಪ್ರಮಾಣವೂ ಅಸ್ತಮಾ ಕೆರಳಿಸುತ್ತದೆ, ಆ ಮನುಷ್ಯ ಈ ಕಸುಬನ್ನೇ ಬಿಡಬೇಕಾಗುತ್ತದೆ. ಯುರೋಪಿಯನ್ ಒಕ್ಕೂಟದಲ್ಲಿ 2023ರ ಆಗಸ್ಟ್‌ನಿಂದ ತರಬೇತಿ ಪಡೆಯದವರು ಡೈಐಸೊಸೈನೇಟ್ ಅಂಶ 0.1 ಶೇಕಡಾ ಮೀರಿದ ಸರಕನ್ನು ಕೆಲಸದಲ್ಲಿ ಬಳಸುವಂತಿಲ್ಲ. ನಮ್ಮಲ್ಲಿ ಹುಡುಗರು ಹವಾಯಿ ಚಪ್ಪಲಿಯಲ್ಲಿ, ಮೂಗಿಗೆ ಕರ್ಚೀಫ್ ಕಟ್ಟಿಕೊಂಡು ಬಳಿಯುತ್ತಾರೆ. ಕರ್ಚೀಫ್ ಆವಿಯನ್ನು ತಡೆಯುವುದಿಲ್ಲ. ಸಾವಯವ ಆವಿಗೆಂದೇ ಇರುವ ಕಾರ್ಟ್ರಿಜ್ ಮಾಸ್ಕ್, ನೈಟ್ರೈಲ್ ಕೈಗವಸು ಮತ್ತು ಎದುರುಬದುರು ತೆರೆದ ಎರಡು ಶಟರ್‌ಗಳು ಕೋಟೇಶನ್‌ನ ಭಾಗವಾಗಲಿ. ಗ್ರೈಂಡಿಂಗ್ ವೇಳೆ ವ್ಯಾಕ್ಯೂಮ್ ಜೋಡಿಸಿದ ಯಂತ್ರವನ್ನೇ ಕೇಳಿ, ಕಾಂಕ್ರೀಟಿನ ದೂಳು ಶ್ವಾಸಕೋಶಕ್ಕೂ ಕೆಟ್ಟದ್ದು, ನಿಮ್ಮ ಸಿಎನ್‌ಸಿ ಯಂತ್ರಗಳಿಗೂ ಕೆಟ್ಟದ್ದು.

ವೇಳಾಪಟ್ಟಿ ಹೀಗಿರಲಿ. ಸುಮಾರು 25 ಡಿಗ್ರಿಯಲ್ಲಿ ಬಳಿದ ಮೇಲೆ ನಡೆಯಲು ಒಂದು ದಿನ, ಖಾಲಿ ಪ್ಯಾಲೆಟ್ ಟ್ರಕ್ ಎಳೆಯಲು ಮೂರು ದಿನ, ಕೂಲಂಟ್ ಚೆಲ್ಲಿದರೂ ತಡೆದುಕೊಳ್ಳಲು ಏಳು ದಿನ ಬೇಕು. ಇದಕ್ಕೆ ಮೊದಲು ತೊಳೆದು, ಉಜ್ಜಿ, ತೇಪೆ ಹಾಕಿ ಎರಡು ಕೈ ಬಳಿಯುವಷ್ಟರಲ್ಲಿ ನಾಲ್ಕೈದು ದಿನ ಕಳೆದಿರುತ್ತದೆ. ಆಯುಧಪೂಜೆ, ವಿಜಯದಶಮಿ, ಅದಕ್ಕೊಂದು ಭಾನುವಾರ ಸೇರಿಸಿದರೂ ಇಷ್ಟು ದಿನ ಸಿಗುವುದಿಲ್ಲ. ಆದ್ದರಿಂದ ಈ ದಸರೆಯಲ್ಲಿ ಯಂತ್ರಗಳ ಬಳಿಯ ಎರಡು ತೇಪೆಗಳನ್ನಷ್ಟೇ ಬುಡದಿಂದ ಸರಿಪಡಿಸಿ, ಎಪಾಕ್ಸಿಯವರೆಗೆ ತಂದು ನಿಲ್ಲಿಸಿ. ಮುಂದೆ ಫೆಬ್ರುವರಿಯಲ್ಲಿ ಅವನ್ನು ಮತ್ತೆ ಉಜ್ಜಿಸಿಕೊಂಡು, ಮೊದಲು ದಾಸ್ತಾನಿನ ಅರ್ಧಕ್ಕೆ, ಒಂದು ವಾರ ಬಿಟ್ಟು ಯಂತ್ರಗಳ ಅರ್ಧಕ್ಕೆ ಪಿಯು ಬಳಿಸಿ. ಕಾಂಕ್ರೀಟಿನ ಜಾಯಿಂಟ್‌ಗಳ ಮೇಲೆ ಲೇಪ ಎಳೆಯದೆ ಅವನ್ನು ಹಾಗೇ ಬಿಟ್ಟು ಸೀಲಂಟ್ ತುಂಬಿಸಬೇಕು, ಇಲ್ಲವಾದರೆ ಅದೇ ಗೆರೆಯಲ್ಲಿ ಬಿರುಕು ಮೂಡುತ್ತದೆ.

ಈ ಬಾರಿ ಪೂಜೆಯನ್ನು ತೇಪೆಯ ಕೆಲಸಕ್ಕೆ ಮೊದಲೇ ಮುಗಿಸಿಕೊಳ್ಳಿ. ಬೂದುಗುಂಬಳವನ್ನು ಶಟರ್‌ನ ಹೊರಗಿನ ರ‍್ಯಾಂಪ್ ಮೇಲೆ ಒಡೆಯಿರಿ, ಯಂತ್ರದ ಮುಂದೆ ಹಚ್ಚುವ ಕರ್ಪೂರಕ್ಕೆ ತಟ್ಟೆಯ ಕೆಳಗೆ ಒಂದು ಇಟ್ಟಿಗೆ ಇಡಿ, ಪ್ಯಾಲೆಟ್ ಟ್ರಕ್‌ನ ಚಕ್ರಕ್ಕೆ ಇಡುವ ನಿಂಬೆಹಣ್ಣೂ ರ‍್ಯಾಂಪ್ ಮೇಲೆಯೇ ಅಪ್ಪಚ್ಚಿಯಾಗಲಿ. ಅದರ ಹುಳಿ ಎಪಾಕ್ಸಿ ಎದ್ದುಹೋದ ಕಡೆ ಕಾಂಕ್ರೀಟನ್ನು ತಿನ್ನುತ್ತದೆ, ಕುಂಕುಮದ ಬಣ್ಣ ಆ ರಂಧ್ರಗಳಿಗೆ ಇಳಿದರೆ ಗ್ರೈಂಡರ್ ಬರುವವರೆಗೆ ಹೋಗುವುದಿಲ್ಲ.